1948ರ ಮಾರಿಸ್ ಕಾರು: ಹೇಳಿದ ಮಾತು ಕರಾರಿನ ಒಳಗೋ ಹೊರಗೋ?

ಸೆಕೆಂಡ್ ಹ್ಯಾಂಡ್ ಗಾಡಿ ಮಾರುವವರು ಬಾಯಿತುಂಬ ಮಾತಾಡುತ್ತಾರೆ. ಒಬ್ಬರೇ ಓನರ್, ಇಂಜಿನ್ ಬಿಚ್ಚಿಲ್ಲ, ಇಂಥ ವರ್ಷದ ಮಾಡೆಲ್. ವ್ಯಾಪಾರ ಮುಗಿದ ಮೇಲೆ ಇದರಲ್ಲಿ ಒಂದು ಮಾತು ಸುಳ್ಳೆಂದು ಗೊತ್ತಾದರೆ ಕೊಂಡವರಿಗೆ ಏನು ಸಿಗುತ್ತದೆ? ಮಾತು ಸುಳ್ಳಾಗಿತ್ತು ಎಂದು ಸಾಬೀತು ಮಾಡಿದರೆ ಸಾಲದು. ಅದು ಕರಾರಿನ ಒಳಗೆ ಸೇರಿದ ಷರತ್ತೋ, ಕರಾರಿಗೆ ಮುಂಚೆ ಆಡಿದ ಬರೀ ನಿರೂಪಣೆಯೋ ಎಂದು ಮೊದಲು ತೀರ್ಮಾನವಾಗಬೇಕು. ಷರತ್ತಾಗಿದ್ದರೆ ನಷ್ಟಪರಿಹಾರ ಹಕ್ಕಾಗಿ ಬರುತ್ತದೆ. ‘ನಾನು ನಂಬಿ ಹೇಳಿದೆ, ನನಗೂ ಗೊತ್ತಿರಲಿಲ್ಲ’ ಎಂಬ ಸಮಜಾಯಿಷಿ ನಡೆಯುವುದಿಲ್ಲ. ನಿರೂಪಣೆಯಾಗಿದ್ದರೆ ಕರಾರು ರದ್ದು ಮಾಡಿಸಬಹುದು, ಅದೂ ತಡ ಮಾಡದೆ ಬಂದರೆ. ಹಣ ಬೇಕೆಂದರೆ ಬೇರೆ ದಾರಿ ಹುಡುಕಬೇಕು.

ಈ ಗೆರೆ ಎಲ್ಲಿ ಬೀಳುತ್ತದೆ ಎಂದು ತೋರಿಸಲು ಕಾನೂನು ಕಾಲೇಜುಗಳಲ್ಲಿ ಓದಿಸುವ ಮೊಕದ್ದಮೆ ಆಸ್ಕರ್ ಚೆಸ್ ಲಿಮಿಟೆಡ್ ವಿರುದ್ಧ ವಿಲಿಯಮ್ಸ್. ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟದ್ದು 1956ರ ನವೆಂಬರಿನಲ್ಲಿ, ಅದು ವರದಿಗಳಲ್ಲಿ ಅಚ್ಚಾದದ್ದು 1957ರಲ್ಲಿ. ಗೈಡುಗಳಲ್ಲಿ ಇದನ್ನು ‘ಖಾಸಗಿ ಮಾರಾಟಗಾರ, ಹಾಗಾಗಿ ಷರತ್ತಲ್ಲ’ ಎಂಬ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ಆ ಸಾಲು ಅರ್ಧ ಮಾತ್ರ ಸರಿ.

ನಡೆದದ್ದು ಇಷ್ಟು

1954ರಲ್ಲಿ ವಿಲಿಯಮ್ಸ್ ಅವರ ತಾಯಿ 300 ಪೌಂಡ್ ಕೊಟ್ಟು ಹಳೆಯ ಮಾರಿಸ್ ಕಾರೊಂದನ್ನು ಕೊಂಡಿದ್ದರು. ಅದರ ನೋಂದಣಿ ಪುಸ್ತಕದಲ್ಲಿ, ನಮ್ಮ ಆರ್‌ಸಿ ಬುಕ್ ಇದ್ದ ಹಾಗೆ, ಮೊದಲ ನೋಂದಣಿ 1948ರ ಏಪ್ರಿಲ್ ಎಂದು ನಮೂದಾಗಿತ್ತು. ಅಲ್ಲಿಂದ 1954ರವರೆಗೆ ಐದು ಬಾರಿ ಮಾಲೀಕರು ಬದಲಾಗಿದ್ದರು.

ಮರುವರ್ಷ ಮಗನಿಗೆ ಹೊಸ ಹಿಲ್ಮನ್ ಮಿಂಕ್ಸ್ ಬೇಕೆನಿಸಿತು. ಅದರ ಬೆಲೆ 650 ಪೌಂಡ್. ಮಾರಿಸನ್ನು ಎಕ್ಸ್‌ಚೇಂಜಿಗೆ ಕೊಟ್ಟು ಉಳಿದದ್ದನ್ನು ತುಂಬುವುದು ಅವರ ಲೆಕ್ಕ. ಆಸ್ಕರ್ ಚೆಸ್ ಕಾರು ವ್ಯಾಪಾರದ ಕಂಪನಿ. ಅದರ ಸೇಲ್ಸ್‌ಮನ್‌ಗೆ ಈ ಮಾರಿಸ್ ಅಪರಿಚಿತವೇನಲ್ಲ, ಅದರಲ್ಲಿ ಲಿಫ್ಟ್ ಪಡೆದು ಓಡಾಡಿದ್ದವನೇ. ವಿಲಿಯಮ್ಸ್ ಅದು 1948ರ ಮಾಡೆಲ್ ಎಂದರು, ಪುಸ್ತಕವನ್ನೂ ತೋರಿಸಿದರು. ಸೇಲ್ಸ್‌ಮನ್ ಹಳೆ ಕಾರುಗಳ ಬೆಲೆಪಟ್ಟಿಯಾದ ಗ್ಲಾಸಸ್ ಗೈಡ್ ತೆರೆದು ಆ ವರ್ಷದ ದರ ನೋಡಿದ. 290 ಪೌಂಡ್ ಬೆಲೆ ಕಟ್ಟಿದರು, ವ್ಯವಹಾರ ಮುಗಿಯಿತು.

ಎಂಟು ತಿಂಗಳ ನಂತರ ಕಂಪನಿಯವರು ಆ ಕಾರಿನ ಚಾಸಿ ಮತ್ತು ಇಂಜಿನ್ ನಂಬರುಗಳನ್ನು ತಯಾರಕರಾದ ಮಾರಿಸ್ ಮೋಟರ್ಸ್‌ಗೆ ಕಳಿಸಿ ವಿಚಾರಿಸಿದರು. ಅಲ್ಲಿಂದ ಬಂದ ಉತ್ತರ, ಕಾರು 1939ರದು. 1939 ಮತ್ತು 1948ರ ಮಾದರಿಗಳ ನಡುವೆ ಮೈಕಟ್ಟಿನಲ್ಲಿ ವ್ಯತ್ಯಾಸವೇ ಇರಲಿಲ್ಲ. ಐದು ಕೈ ಬದಲಾದ ದಾರಿಯಲ್ಲಿ ಎಲ್ಲೋ ಯಾರೋ ಪುಸ್ತಕ ತಿದ್ದಿದ್ದರು. ಆ ವ್ಯಕ್ತಿಯ ಪತ್ತೆ ಇಲ್ಲ. 1939ರ ಗಾಡಿ ಎಂದು ಗೊತ್ತಿದ್ದರೆ ಕಂಪನಿ ಕೊಡುತ್ತಿದ್ದದ್ದು 175 ಪೌಂಡ್ ಮಾತ್ರ. ವ್ಯತ್ಯಾಸ 115 ಪೌಂಡ್, ಅದನ್ನು ವಿಲಿಯಮ್ಸ್ ಕಟ್ಟಿಕೊಡಬೇಕು ಎಂದು ದಾವೆ ಹೂಡಿದರು.

ವಿಲಿಯಮ್ಸ್ ಮೋಸ ಮಾಡಿದರೆಂದು ಯಾರೂ ಹೇಳಲಿಲ್ಲ. ಅವರ ತಾಯಿಯೂ ಅದೇ ಪುಸ್ತಕ ನಂಬಿಯೇ ದುಡ್ಡು ಕೊಟ್ಟಿದ್ದರು. ತಪ್ಪು ಮಾಡಿದವನು ಕೈಗೆ ಸಿಗದಿದ್ದಾಗ, ತಪ್ಪು ಮಾಡದ ಇಬ್ಬರಲ್ಲಿ ಪೆಟ್ಟು ಯಾರ ಮೇಲೆ ಬೀಳಬೇಕು ಎಂಬುದೇ ಈ ಮೊಕದ್ದಮೆಯ ಗಂಟು.

ಕೌಂಟಿ ನ್ಯಾಯಾಧೀಶರ ದಾರಿ

ಕೆಳ ನ್ಯಾಯಾಲಯ ಕಂಪನಿಯ ಪರ ನಿಂತು 115 ಪೌಂಡ್ ಕೊಡಿಸಿತು. ಅದರ ತರ್ಕ ಸರಳ. 290 ಎಂಬ ಅಂಕಿ ಹುಟ್ಟಿದ್ದೇ 1948 ಎಂಬ ಅಂಕಿಯಿಂದ. ಬೆಲೆಯ ಬುಡದಲ್ಲಿರುವ ಮಾತು ಕರಾರಿನ ಒಳಗಿನ ಮಾತೇ. ಮೊದಲ ಓದಿಗೆ ಇದನ್ನು ಅಲ್ಲಗಳೆಯುವುದು ಕಷ್ಟ. ಈ ತರ್ಕಕ್ಕೆ ಹಳೆಯ ಬೆಂಬಲವೂ ಇದೆ. 1861ರ ಬ್ಯಾನರ್‌ಮನ್ ವಿರುದ್ಧ ವೈಟ್ ಪ್ರಕರಣದಲ್ಲಿ, ಬಿಯರ್‌ಗೆ ಬಳಸುವ ಹಾಪ್ಸ್ ಬೆಳೆ ಕೊಳ್ಳಲು ಬಂದವನು ಗಂಧಕ ಹೊಡೆದಿದ್ದೀರಾ ಎಂದು ಮೊದಲೇ ಕೇಳಿದ್ದ. ಹೊಡೆದಿದ್ದರೆ ಬೆಲೆಯನ್ನೂ ಕೇಳುವುದಿಲ್ಲ ಎಂದಿದ್ದ. ಇಲ್ಲ ಎಂಬ ಉತ್ತರ ಬಂದ ಮೇಲೆಯೇ ವ್ಯಾಪಾರ ನಡೆದದ್ದು. ಒಂದು ಸಣ್ಣ ಭಾಗಕ್ಕೆ ಗಂಧಕ ಬಳಸಿದ್ದು ಆಮೇಲೆ ಗೊತ್ತಾಯಿತು. ಆ ಉತ್ತರ ಕರಾರಿನ ಷರತ್ತೇ ಎಂದು ತೀರ್ಪಾಯಿತು. ಮಾತಿನ ಮಹತ್ವವೇ ಅಳತೆಗೋಲಾದರೆ ಆಸ್ಕರ್ ಚೆಸ್ ಗೆಲ್ಲಬೇಕಿತ್ತು.

ಡೆನಿಂಗ್ ಏನು ಮಾಡಿದರು

ಮೇಲ್ಮನವಿ ಕೇಳಿದ್ದು ಮೂವರು: ಡೆನಿಂಗ್, ಹಾಡ್ಸನ್, ಮಾರಿಸ್. ಮೊದಲ ಇಬ್ಬರು ವಿಲಿಯಮ್ಸ್ ಪರ, ಮೂರನೆಯವರು ಭಿನ್ನ. (ಕಾರಿನ ಹೆಸರೂ ಭಿನ್ನಮತದ ನ್ಯಾಯಮೂರ್ತಿಯ ಹೆಸರೂ ಒಂದೇ ಆದದ್ದರಿಂದ ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಆಗಾಗ ವಿಚಿತ್ರ ವಾಕ್ಯಗಳು ಹುಟ್ಟುತ್ತವೆ.)

ಡೆನಿಂಗ್ ಒಂದು ಸಂಗತಿಯನ್ನು ತಕರಾರಿಲ್ಲದೆ ಒಪ್ಪಿಕೊಂಡರು. ಕಾರು 1948ರದು ಎಂದು ಎರಡೂ ಕಡೆಯವರು ನಂಬಿದ್ದರು, ಆ ನಂಬಿಕೆ ವ್ಯವಹಾರಕ್ಕೆ ಮೂಲಾಧಾರವೂ ಆಗಿತ್ತು. ಆದರೆ ಮೂಲಾಧಾರ ಆದ ಮಾತ್ರಕ್ಕೆ ಅದು ಒಬ್ಬರು ಇನ್ನೊಬ್ಬರಿಗೆ ಕೊಟ್ಟ ಮಾತಾಗುವುದಿಲ್ಲ ಎಂದರು. ಇಬ್ಬರೂ ಒಟ್ಟಿಗೆ ಒಂದು ತಪ್ಪು ತಿಳಿದಿರುವುದು ಬೇರೆ, ‘ಇದು ತಪ್ಪಾದರೆ ಹೊಣೆ ನನ್ನದು’ ಎಂದು ಒಬ್ಬರು ಹೆಗಲು ಕೊಡುವುದು ಬೇರೆ. ಕೌಂಟಿ ನ್ಯಾಯಾಧೀಶರು ಎಡವಿದ್ದು ಇಲ್ಲೇ ಎಂಬುದು ಅವರ ನಿಲುವು.

ಹೆಗಲು ಕೊಟ್ಟಿದ್ದಾರೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಉದ್ದೇಶ ನೋಡಬೇಕು ಎಂಬ ಸೂತ್ರ ಆಗಲೇ ಇತ್ತು. ರಬ್ಬರ್ ಕಂಪನಿಗಳ ಷೇರುಗಳಿಗೆ ಜನ ಮುಗಿಬಿದ್ದ ಕಾಲದಲ್ಲಿ ಹುಟ್ಟಿ, 1913ರ ವರದಿಗಳಲ್ಲಿ ಅಚ್ಚಾದ ಹೈಲ್‌ಬಟ್ ಸೈಮನ್ಸ್ ವಿರುದ್ಧ ಬಕಲ್ಟನ್ ಪ್ರಕರಣದಲ್ಲಿ, ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಅದನ್ನು ಗಟ್ಟಿಯಾಗಿ ಹೇಳಿತ್ತು. ಡೆನಿಂಗ್ ಅದಕ್ಕೆ ಸೇರಿಸಿದ್ದು, ಉದ್ದೇಶವೆಂದರೆ ಮನಸ್ಸಿನೊಳಗೆ ಇದ್ದದ್ದಲ್ಲ, ಅವರ ಮಾತು ಮತ್ತು ನಡವಳಿಕೆ ಕಂಡ ಒಬ್ಬ ತಿಳಿವಳಿಕಸ್ಥ ಪಕ್ಕದಲ್ಲಿ ನಿಂತಿದ್ದರೆ ಏನೆಂದುಕೊಳ್ಳುತ್ತಿದ್ದ ಎಂಬುದು. ಈ ಪಕ್ಕದಲ್ಲಿ ನಿಂತವನು ಬೇರೆ ಯಾರೂ ಅಲ್ಲ, ಪೀಠದ ಮೇಲೆ ಕೂತ ನ್ಯಾಯಾಧೀಶರೇ. ಹಾಗಾಗಿ ಈ ಪರೀಕ್ಷೆಯ ಹೆಸರಿಗಿಂತ ಅದನ್ನು ಯಾವ ಸಂಗತಿಯ ಮೇಲೆ ನಿಲ್ಲಿಸಿದರು ಎಂಬುದೇ ಮುಖ್ಯ.

ನಿಲ್ಲಿಸಿದ್ದು ತಿಳಿವಿನ ಮೇಲೆ. ಮಾರುವವರು ತಮಗೆ ಖುದ್ದು ಗೊತ್ತಿರುವ, ಕೊಳ್ಳುವವರಿಗೆ ಗೊತ್ತಿಲ್ಲದ ಸಂಗತಿಯನ್ನು ಹೇಳಿದರೆ ಅದನ್ನು ವಾರಂಟಿ, ಅಂದರೆ ಹೊಣೆ ಹೊತ್ತು ಕರಾರಿನೊಳಗೆ ಕೊಟ್ಟ ಮಾತು, ಎಂದು ಊಹಿಸುವುದು ಸುಲಭ. ತಮಗೆ ಸ್ವಂತ ತಿಳಿವು ಇಲ್ಲ, ಬೇರೆಲ್ಲಿಂದಲೋ ಬಂದ ಮಾಹಿತಿಯನ್ನು ದಾಟಿಸುತ್ತಿದ್ದೇನೆ ಎಂಬುದು ಸಂದರ್ಭದಿಂದಲೇ ಸ್ಪಷ್ಟವಾಗಿದ್ದರೆ ಹಾಗೆ ಊಹಿಸಲು ಬರುವುದಿಲ್ಲ. ವಿಲಿಯಮ್ಸ್ ಈ ಎರಡನೇ ಗುಂಪು. ಐದು ಕೈ ದಾಟಿ ಬಂದ ಗಾಡಿ ಯಾವ ವರ್ಷ ತಯಾರಾಯಿತೆಂದು ಅವರಿಗೆ ಖುದ್ದು ಗೊತ್ತಿರಲು ಸಾಧ್ಯವಿಲ್ಲ, ಅದು ಸೇಲ್ಸ್‌ಮನ್‌ಗೂ ತಿಳಿದಿತ್ತು. ಅಂಥವರು ಹೆಚ್ಚೆಂದರೆ ‘1948ರದೆಂದು ನಾನು ತಿಳಿದಿದ್ದೇನೆ, ಪುಸ್ತಕ ಇಲ್ಲಿದೆ ನೋಡಿ’ ಎಂದು ಹೇಳುತ್ತಾರೆ. ಆಣೆ ಇಟ್ಟು ಹೊಣೆ ಹೊರುವುದಿಲ್ಲ.

ಕಂಪನಿಗೆ ಅಸಲಿ ಪೆಟ್ಟು ಬಿದ್ದದ್ದು ಚಾಸಿ ನಂಬರಿನಿಂದ. ಎಂಟು ತಿಂಗಳ ನಂತರ ಮಾಡಿದ ವಿಚಾರಣೆಯನ್ನು ಅವರು ಮೊದಲ ದಿನವೇ ಮಾಡಬಹುದಿತ್ತು. ತಯಾರಕರಿಗೆ ಒಂದು ಪತ್ರ ಬರೆದಿದ್ದರೆ ಸಾಕಿತ್ತು. ಕಾರು ಕೊಳ್ಳುವುದು ಮಾರುವುದೇ ಕಸುಬಾದವರು ಅದನ್ನು ಬಿಟ್ಟು ಗ್ಲಾಸಸ್ ಗೈಡ್ ತೆರೆದು ಕೂತರು. ತಪಾಸಣೆ ಮಾಡದೇ ಇರುವ ಅಪಾಯವನ್ನು ಅವರೇ ಮೈಮೇಲೆ ಎಳೆದುಕೊಂಡರು ಎಂದು ತೀರ್ಪನ್ನು ಓದಬಹುದು, ನನ್ನ ಪ್ರಕಾರ ಹಾಗೆಯೇ ಓದಬೇಕು. ಕರಾರು ರದ್ದು ಮಾಡಿಸುವ ದಾರಿಯೂ ಅಷ್ಟರಲ್ಲಿ ಮುಚ್ಚಿತ್ತು, ಅದಕ್ಕೂ ಎಂಟು ತಿಂಗಳು ತೀರಾ ತಡ.

ಭಿನ್ನಮತ

ನ್ಯಾಯಮೂರ್ತಿ ಮಾರಿಸ್ ಅವರ ಭಿನ್ನ ತೀರ್ಪನ್ನು ಹಗುರವಾಗಿ ಬಿಡುವಂತಿಲ್ಲ. ಮಾತು ಖಚಿತವಾಗಿತ್ತು, ‘ಬಹುಶಃ’ ಎಂಬ ಪದವಿರಲಿಲ್ಲ. ಅದು ಮಾರಾಟದ ವಸ್ತು ಏನೆಂದು ಗುರುತಿಸುವ ಮಾತಾಗಿತ್ತು. ಬೆಲೆ ಅದರ ಮೇಲೆಯೇ ನಿಂತಿತ್ತು. ಇಷ್ಟೆಲ್ಲ ಇದ್ದೂ ಅದು ಷರತ್ತಲ್ಲ ಎನ್ನುವುದಾದರೆ ಇನ್ಯಾವುದು ಷರತ್ತು?

ಈ ವಾದ ಬಹುಮತಕ್ಕಿಂತ ಬೀದಿಯ ವ್ಯವಹಾರಕ್ಕೆ ಹತ್ತಿರ. ಆದರೆ ಅದರಲ್ಲಿ ಒಂದು ಕೊರತೆ ಕಾಣುತ್ತದೆ. ಮಾತು ಎಷ್ಟು ಮುಖ್ಯ ಎಂಬುದನ್ನು ಅದು ಚೆನ್ನಾಗಿ ತೋರಿಸುತ್ತದೆ; ಆ ಮಾತಿನ ಹಿಂದೆ ನಿಲ್ಲುವ ಶಕ್ತಿ ಯಾರಿಗಿತ್ತು ಎಂದು ಕೇಳುವುದೇ ಇಲ್ಲ. ಹಾಪ್ಸ್ ಬೆಳೆಗಾರನಿಗೆ ತನ್ನ ಹೊಲಕ್ಕೆ ಗಂಧಕ ಹೊಡೆದದ್ದು ಗೊತ್ತಿರಬೇಕು. ವಿಲಿಯಮ್ಸ್‌ಗೆ 1939ರ ಕಾರ್ಖಾನೆಯಲ್ಲಿ ನಡೆದದ್ದು ಗೊತ್ತಿರಬೇಕೆನ್ನುವುದು ಅತಿಯಾಯಿತು.

ಅದೇ ನ್ಯಾಯಮೂರ್ತಿ, ಬೇರೆ ಕಾರು

ಎಂಟೊಂಬತ್ತು ವರ್ಷಗಳ ನಂತರ ಡೆನಿಂಗ್ ಮುಂದೆ ಇನ್ನೊಂದು ಕಾರು ಬಂದು ನಿಂತಿತು. 1965ರ ಡಿಕ್ ಬೆಂಟ್ಲಿ ಪ್ರೊಡಕ್ಷನ್ಸ್ ವಿರುದ್ಧ ಹ್ಯಾರಲ್ಡ್ ಸ್ಮಿತ್ (ಮೋಟರ್ಸ್) ಪ್ರಕರಣ. ಚರಿತ್ರೆ ಚೊಕ್ಕವಾಗಿರುವ ಬೆಂಟ್ಲಿ ಕಾರು ಬೇಕೆಂದು ಗಿರಾಕಿ ಕೇಳಿದ್ದರು. ಡೀಲರ್ ಒಂದನ್ನು ತೋರಿಸಿ, ಇದು ಜರ್ಮನಿಯ ಒಬ್ಬ ಬ್ಯಾರನ್‌ನದಾಗಿತ್ತು, ಇಂಜಿನ್ ಮತ್ತು ಗೇರ್‌ಬಾಕ್ಸ್ ಬದಲಿಸಿದ ಮೇಲೆ 20,000 ಮೈಲಿ ಮಾತ್ರ ಓಡಿದೆ ಎಂದರು. ಮೀಟರಿನಲ್ಲಿ ಇದ್ದದ್ದೂ ಅಷ್ಟೇ. ಗಿರಾಕಿ 1,850 ಪೌಂಡ್ ಕೊಟ್ಟು ಕೊಂಡರು. ನಿಜವಾಗಿ ಅದು ಓಡಿದ್ದು ಸುಮಾರು 1,00,000 ಮೈಲಿ.

ಇಲ್ಲಿ ಆ ಮಾತು ವಾರಂಟಿಯೇ ಎಂದು ತೀರ್ಪು. ಮೋಸ ಇಲ್ಲೂ ಸಾಬೀತಾಗಿರಲಿಲ್ಲ. ವ್ಯತ್ಯಾಸ ಬಂದದ್ದು ತಿಳಿಯುವ ದಾರಿ ಯಾರ ಕೈಲಿತ್ತು ಎಂಬುದರಿಂದ. ಡೀಲರ್ ಕಾರಿನ ಚರಿತ್ರೆಯನ್ನು ತರಿಸಿಕೊಳ್ಳಬಹುದಿತ್ತು, ತರಿಸಲಿಲ್ಲ. ಡೆನಿಂಗ್ ಈ ಬಾರಿ ಸೂತ್ರವನ್ನೂ ಸ್ವಲ್ಪ ತಿರುಗಿಸಿದರು. ಕರಾರಿಗೆ ಒಪ್ಪಿಸಲೆಂದೇ ಹೇಳಿದ ಮಾತು, ಅದನ್ನು ನಂಬಿ ಆ ಕಡೆಯವರು ಒಪ್ಪಿದ್ದರೆ, ಮೊದಲ ನೋಟಕ್ಕೆ ವಾರಂಟಿ. ಹೇಳಿದವರು ತಮ್ಮದು ತಪ್ಪಿಲ್ಲದ ಮಾತು, ಹೊಣೆ ಹೊರಿಸುವುದು ಸಮಂಜಸವಲ್ಲ ಎಂದು ತೋರಿಸಿದರೆ ಆ ಊಹೆ ಬಿದ್ದುಹೋಗುತ್ತದೆ. ವಿಲಿಯಮ್ಸ್ ಅದನ್ನು ತೋರಿಸಬಲ್ಲವರಾಗಿದ್ದರು, ಸ್ಮಿತ್ ಅಲ್ಲ. ಉದ್ದೇಶದ ಹೆಸರಿನಲ್ಲಿ ಆರಂಭವಾದ ಪರೀಕ್ಷೆ ಇಲ್ಲಿಗೆ ಬರುವಷ್ಟರಲ್ಲಿ ತಪ್ಪು ಯಾರದು ಎಂಬ ಪರೀಕ್ಷೆಯಾಗಿ ಬದಲಾಗಿದೆ. ಡೆನಿಂಗ್ ಇದನ್ನು ಹೀಗೆ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಮಾಡಿದ್ದು ಅದನ್ನೇ.

ಖಾಸಗಿಯವರು ಮಾರಿದರೆ ಯಾವಾಗಲೂ ಬಚಾವು ಎಂದುಕೊಳ್ಳುವವರು 1967ರ ಬೀಲ್ ವಿರುದ್ಧ ಟೇಲರ್ ಪ್ರಕರಣವನ್ನು ಓದಬೇಕು. ಖಾಸಗಿ ವ್ಯಕ್ತಿಯೊಬ್ಬರು 1961ರ ಹೆರಾಲ್ಡ್ ಕಾರು ಮಾರಾಟಕ್ಕಿದೆ ಎಂದು ಜಾಹೀರಾತು ಕೊಟ್ಟರು. ಕೊಂಡವರು ನೋಡಿಯೇ ಕೊಂಡರು. ಆಮೇಲೆ ತಿಳಿದದ್ದು, ಅದು ಎರಡು ಕಾರುಗಳ ಅರ್ಧರ್ಧ ಭಾಗ ಬೆಸುಗೆ ಹಾಕಿ ಮಾಡಿದ್ದು. ಹಿಂಭಾಗ 1961ರದು, ಮುಂಭಾಗ ಅದಕ್ಕಿಂತ ಹಳೆಯದು. ಮಾರಿದವರಿಗೂ ಅದು ಗೊತ್ತಿರಲಿಲ್ಲ. ಆದರೂ ಸೋತರು. ಏಕೆಂದರೆ ಅಲ್ಲಿ ವಾದ ನಡೆದದ್ದು ಮಾತು ಷರತ್ತಾಯಿತೇ ಎಂದಲ್ಲ, ವರ್ಣನೆಯ ಮೇಲೆ ಮಾಡಿದ ಮಾರಾಟ ಎಂದು. ವಸ್ತು ವರ್ಣನೆಗೆ ಹೊಂದಬೇಕು ಎಂಬ ಷರತ್ತನ್ನು ಸರಕು ಮಾರಾಟದ ಕಾಯ್ದೆಯೇ ಕರಾರಿನೊಳಗೆ ಇಟ್ಟಿರುತ್ತದೆ. ಅದಕ್ಕೆ ಯಾರ ಉದ್ದೇಶವೂ ಬೇಕಾಗಿಲ್ಲ. ಆಸ್ಕರ್ ಚೆಸ್ ಪರ ವಕೀಲರಿಗೆ ಈ ದಾರಿ ಸಲೀಸಾಗಿ ತೆರೆದಿತ್ತೋ ಎಂಬುದರ ಬಗ್ಗೆ ವಾದ ಇದೆ. ನನಗಂತೂ ಈ ಎರಡು ತೀರ್ಪುಗಳನ್ನು ಅಕ್ಕಪಕ್ಕ ಇಟ್ಟಾಗ ಹೊಂದಾಣಿಕೆ ಪೂರ್ತಿ ಕಾಣುವುದಿಲ್ಲ. ಜಾಹೀರಾತಿನಲ್ಲಿ ‘1961’ ಎಂದು ಅಚ್ಚು ಮಾಡಿಸಿದವರು ಸೋತರು, ಎದುರು ನಿಂತು ‘1948’ ಎಂದವರು ಗೆದ್ದರು.

115 ಪೌಂಡ್‌ಗೆ ಬೇರೆ ದಾರಿ ಇರಲಿಲ್ಲವೇ?

ನಿರೂಪಣೆ ಎಂದು ಒಪ್ಪಿಕೊಂಡರೆ 1956ರಲ್ಲಿ ಇರಲಿಲ್ಲ. ಮೋಸದ ನಿರೂಪಣೆಗೆ ಮಾತ್ರ ನಷ್ಟಪರಿಹಾರ ಸಿಗುತ್ತಿತ್ತು. 1889ರ ಡೆರಿ ವಿರುದ್ಧ ಪೀಕ್ ತೀರ್ಪಿನ ನಂತರ ಮೋಸ ಎಂದು ಸಾಬೀತು ಮಾಡುವುದೂ ಕಷ್ಟ. ನಿರ್ಲಕ್ಷ್ಯದ ಮಾತಿಗೆ ಹೊಣೆ ಇರಬಹುದೆಂದು ಹೌಸ್ ಆಫ್ ಲಾರ್ಡ್ಸ್ ಹೇಳಿದ್ದು ಹೆಡ್ಲಿ ಬರ್ನ್ ಪ್ರಕರಣದಲ್ಲಿ, 1963ರಲ್ಲಿ. ಹಾಗಾಗಿ ಪ್ರಾಮಾಣಿಕ ತಪ್ಪಿನಿಂದ ನಷ್ಟವಾದವರು ಹಣ ಕೇಳಬೇಕೆಂದರೆ ‘ಅದು ಷರತ್ತಾಗಿತ್ತು’ ಎಂದು ವಾದಿಸಲೇಬೇಕಿತ್ತು. ಆ ಕಾಲದ ಮೊಕದ್ದಮೆಗಳಲ್ಲಿ ಈ ಗೆರೆಯ ಮೇಲೆ ಅಷ್ಟು ಜಗಳ ನಡೆದದ್ದಕ್ಕೆ ಇದೇ ಕಾರಣ.

1967ರ ತಪ್ಪು ನಿರೂಪಣೆ ಕಾಯ್ದೆ ಇಂಗ್ಲೆಂಡಿನಲ್ಲಿ ಇದನ್ನು ಬದಲಿಸಿತು. ಅದರ 2ನೇ ಕಲಮಿನ ಮೊದಲ ಉಪಕಲಮಿನ ಪ್ರಕಾರ, ತಪ್ಪು ನಿರೂಪಣೆ ಮಾಡಿದವರು ಅದನ್ನು ನಂಬಲು ತಮಗೆ ಸಮಂಜಸ ಕಾರಣವಿತ್ತು ಎಂದು ತಾವೇ ಸಾಬೀತು ಮಾಡದಿದ್ದರೆ ನಷ್ಟ ತುಂಬಿಕೊಡಬೇಕು. ಡಿಕ್ ಬೆಂಟ್ಲಿ ಮಾದರಿಯ ಗಿರಾಕಿಗೆ ಇಂದು ಈ ಕಲಮೇ ಸಾಕು. ವಿಲಿಯಮ್ಸ್? ಅವರ ಕೈಯಲ್ಲಿ ಪುಸ್ತಕವಿತ್ತು, ಅದರ ಮೇಲೆಯೇ ಅವರ ಮನೆಯವರು 300 ಪೌಂಡ್ ಸುರಿದಿದ್ದರು. ಅವರು ಈ ಕಾಯ್ದೆಯಡಿಯೂ ಗೆಲ್ಲುತ್ತಿದ್ದರು.

ಇದೇ ವ್ಯವಹಾರ ನಮ್ಮಲ್ಲಿ ನಡೆದಿದ್ದರೆ

ಭಾರತೀಯ ಕರಾರು ಕಾಯ್ದೆ 1872ರದು, ಇಂಗ್ಲೆಂಡಿನ 1967ರ ಸುಧಾರಣೆಗಿಂತ 95 ವರ್ಷ ಹಳೆಯದು. ಆದರೂ ಒಂದು ವಿಷಯದಲ್ಲಿ ಅದಕ್ಕಿಂತ ಧಾರಾಳಿ. 18ನೇ ಕಲಮಿನ ಮೂರನೇ ಭಾಗ, ಕರಾರಿನ ವಸ್ತುವಿನ ಸ್ವರೂಪದ ಬಗ್ಗೆ ಎದುರಿನವರನ್ನು ಎಷ್ಟೇ ಮುಗ್ಧವಾಗಿ ತಪ್ಪು ತಿಳಿಯುವಂತೆ ಮಾಡಿದರೂ ಅದು ತಪ್ಪು ನಿರೂಪಣೆ ಎನ್ನುತ್ತದೆ. 1948 ಎಂದು ಹೇಳಿ 1939ರ ಗಾಡಿ ಕೊಟ್ಟದ್ದನ್ನು ಅದರೊಳಗೆ ತರಬಹುದು. 19ನೇ ಕಲಮಿನಲ್ಲಿ ಎರಡು ದಾರಿ ಇವೆ. ಕರಾರನ್ನು ರದ್ದು ಮಾಡಬಹುದು; ಇಲ್ಲವೇ ಕರಾರು ನಡೆಯಲಿ, ಆ ಮಾತು ನಿಜವಾಗಿದ್ದರೆ ನಾನು ಯಾವ ಸ್ಥಿತಿಯಲ್ಲಿರುತ್ತಿದ್ದೆನೋ ಆ ಸ್ಥಿತಿಗೆ ನನ್ನನ್ನು ತನ್ನಿ ಎಂದು ಪಟ್ಟು ಹಿಡಿಯಬಹುದು. ಎರಡನೇ ದಾರಿ ನಿರೂಪಣೆಯನ್ನು ಷರತ್ತಿನ ಪಕ್ಕಕ್ಕೇ ತಂದು ಕೂರಿಸುತ್ತದೆ. ಕಾಯ್ದೆಯೇ ಕೊಡುವ ಉದಾಹರಣೆಯಲ್ಲಿ, ಆಸ್ತಿಯ ಮೇಲೆ ಸಾಲವಿಲ್ಲ ಎಂದು ಮೋಸದಿಂದ ನಂಬಿಸಿ ಮಾರಿದ್ದರೆ, ಕೊಂಡವರು ಕರಾರು ಬಿಡಬಹುದು ಅಥವಾ ಅಡಮಾನ ಬಿಡಿಸಿಕೊಡಿ ಎಂದು ಕೇಳಬಹುದು.

ಹಾಗಾದರೆ ಆಸ್ಕರ್ ಚೆಸ್ ಬೆಂಗಳೂರಿನ ಕಂಪನಿಯಾಗಿದ್ದರೆ 115 ಪೌಂಡ್‌ನಷ್ಟು ವಸೂಲಾಗುತ್ತಿತ್ತೇ? ಅದೇ 19ನೇ ಕಲಮಿಗೆ ಒಂದು ವಿನಾಯಿತಿ ಅಂಟಿಕೊಂಡಿದೆ. ಸಾಮಾನ್ಯ ಎಚ್ಚರಿಕೆಯಿಂದ ನಿಜ ಕಂಡುಕೊಳ್ಳುವ ಸಾಧನ ಎದುರಿನವರ ಕೈಯಲ್ಲಿ ಇದ್ದಿದ್ದರೆ, ಬರೀ ತಪ್ಪು ನಿರೂಪಣೆಯ ಕಾರಣಕ್ಕೆ ಕರಾರು ರದ್ದಾಗುವುದಿಲ್ಲ. ಚಾಸಿ ನಂಬರು ಗಾಡಿಯ ಮೇಲೆಯೇ ಇತ್ತು. ಕಾರು ವ್ಯಾಪಾರವೇ ಕಸುಬಾದ ಕಂಪನಿಗೆ ತಯಾರಕರನ್ನು ವಿಚಾರಿಸುವುದು ಸಾಮಾನ್ಯ ಎಚ್ಚರಿಕೆ ಅಲ್ಲ ಎಂದು ವಾದಿಸುವುದು ಕಷ್ಟ. ವಿನಾಯಿತಿಯ ಮಾತು ರದ್ದತಿಯ ಬಗ್ಗೆ ಮಾತ್ರ, ಎರಡನೇ ದಾರಿಗೆ ತಾಕುವುದಿಲ್ಲ ಎಂದು ಒಬ್ಬ ಚುರುಕು ವಕೀಲರು ಎದ್ದು ನಿಲ್ಲಬಹುದು. ಓದಿದರೆ ಅಕ್ಷರಶಃ ಹಾಗೆಯೇ ಇದೆ. ಆದರೆ ರದ್ದು ಮಾಡಲಾಗದ ಕರಾರಿನಲ್ಲಿ ಅದರ ಜೋಡಿ ಪರಿಹಾರ ಮಾತ್ರ ಉಳಿಯುತ್ತದೆ ಎಂಬುದನ್ನು ನ್ಯಾಯಾಲಯಕ್ಕೆ ಒಪ್ಪಿಸುವುದು ಸಲೀಸಲ್ಲ. 1930ರ ಸರಕು ಮಾರಾಟ ಕಾಯ್ದೆಯ 15ನೇ ಕಲಮು, ಅಂದರೆ ವರ್ಣನೆಯ ಮೇಲಿನ ಮಾರಾಟ, ಅವರಿಗೆ ಹೆಚ್ಚು ಭರವಸೆಯ ದಾರಿ. ಅಲ್ಲಿ ಎಚ್ಚರಿಕೆಯ ಪ್ರಶ್ನೆ ಹೀಗೆ ಎದುರಾಗುವುದಿಲ್ಲ.

ಕರಾರು ಬರಹದಲ್ಲಿ ಇದ್ದರೆ ಇನ್ನೊಂದು ಗೋಡೆ ಏಳುತ್ತದೆ. ಲಿಖಿತ ಕರಾರಿನ ಷರತ್ತುಗಳಿಗೆ ವಿರುದ್ಧವಾಗಿ ಬಾಯಿಮಾತಿನ ಸಾಕ್ಷ್ಯ ತರುವಂತಿಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯ 92ನೇ ಕಲಮು, ಈಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 95. ಮೋಸ, ತಪ್ಪು ತಿಳಿವು ಇತ್ಯಾದಿಗಳಿಗೆ ಅಲ್ಲಿಯೇ ಬಿಡುವು ಇದೆ. ಇಂಗ್ಲೆಂಡಿನ 1954ರ ರೌಟ್‌ಲೆಜ್ ವಿರುದ್ಧ ಮೆಕೇ ಪ್ರಕರಣದಲ್ಲೂ ಹೆಚ್ಚುಕಡಿಮೆ ಇದೇ ಪಾಡು. ನೋಂದಣಿ ಪುಸ್ತಕ ನೋಡಿ ಮೋಟಾರ್ ಸೈಕಲ್ 1942ರದು ಎಂದಿದ್ದರು, ಅದು ಇನ್ನೂ ಹಳೆಯದು. ವಾರದ ನಂತರ ಬರೆದುಕೊಂಡ ಕಾಗದದಲ್ಲಿ ವರ್ಷದ ಸುದ್ದಿಯೇ ಇರಲಿಲ್ಲ. ಅಷ್ಟು ಮುಖ್ಯವಾಗಿದ್ದರೆ ಏಕೆ ಬರೆಯಲಿಲ್ಲ ಎಂದು ನ್ಯಾಯಾಲಯ ಕೇಳಿತು.

ಕರ್ನಾಟಕದಲ್ಲಿ ಈ ಗೆರೆ ಹೆಚ್ಚು ಹಣ ನುಂಗುವುದು ಕಾರಿನಲ್ಲಲ್ಲ, ಫ್ಲ್ಯಾಟಿನಲ್ಲಿ. ಬ್ರೋಷರಿನಲ್ಲಿ ಈಜುಕೊಳ, ಕರಾರಿನಲ್ಲಿ ಅದರ ಹೆಸರೇ ಇಲ್ಲ. ಹಿಂದೆ ಇದು ‘ಬರೀ ನಿರೂಪಣೆ’ ಎಂದು ಬಿಲ್ಡರ್ ಪರ ವಕೀಲರು ವಾದಿಸಬಹುದಿತ್ತು. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 12ನೇ ಕಲಮು ಆ ವಾದವನ್ನೇ ಬದಿಗಿಡುತ್ತದೆ. ಜಾಹೀರಾತು, ಪ್ರಾಸ್ಪೆಕ್ಟಸ್ ಅಥವಾ ಮಾದರಿ ಮನೆ ನೋಡಿ ಮುಂಗಡ ಕೊಟ್ಟವರಿಗೆ ಅದರಲ್ಲಿನ ತಪ್ಪು ಅಥವಾ ಸುಳ್ಳು ಹೇಳಿಕೆಯಿಂದ ನಷ್ಟವಾದರೆ ಪ್ರಮೋಟರ್ ಪರಿಹಾರ ಕೊಡಬೇಕು. ಯೋಜನೆಯಿಂದಲೇ ಹೊರಬರುತ್ತೇನೆ ಎಂದರೆ ಹಾಕಿದ ಹಣವನ್ನು ಬಡ್ಡಿ ಸಮೇತ ಹಿಂತಿರುಗಿಸಬೇಕು. ಈಜುಕೊಳ ಷರತ್ತೋ ನಿರೂಪಣೆಯೋ ಎಂದು ಕೇಳುವ ಅಗತ್ಯವೇ ಬರುವುದಿಲ್ಲ. ಆದರೆ ಆ ಕಲಮು ಹಿಡಿಯುವುದು ಪ್ರಮೋಟರನ್ನು ಮಾತ್ರ. ಅದೇ ಫ್ಲ್ಯಾಟನ್ನು ಹತ್ತು ವರ್ಷದ ನಂತರ ಮಾಲೀಕರೊಬ್ಬರು ರೀಸೇಲ್‌ಗೆ ಇಟ್ಟು, ತಾವು ಕೊಂಡಾಗ ಸಿಕ್ಕ ಕಾಗದ ನಂಬಿ ‘ಸೂಪರ್ ಬಿಲ್ಟಪ್ 1,400 ಚದರಡಿ’ ಎಂದರೆ, ಕೊಳ್ಳುವವರ ಬಳಿ ಅಳತೆ ಟೇಪು ಇತ್ತೇ ಎಂಬ ಪ್ರಶ್ನೆಯೊಂದಿಗೆ ಅವರಿಬ್ಬರೂ 1872ರ ಕಾಯ್ದೆಯ 19ನೇ ಕಲಮಿನ ಮುಂದೆಯೇ ನಿಲ್ಲಬೇಕು.